ಹಾಸನ ಸೀಮೆಯ ಗೇಮ್ ಮೀಮಾಂಸೆ

ಕಂಪ್ಯೂಟರಿನಲ್ಲಿ ಆಡುವುದು ಲೇಸೋ, ಕನ್ಸೋಲಿನಲ್ಲಿ ಆಡುವುದು ಲೇಸೋ ಎಂಬುದು ವಿದ್ವಾಂಸರನ್ನು ರಾತ್ರಿ ಎರಡು ಗಂಟೆಯವರೆಗೆ ಎಚ್ಚರವಾಗಿಟ್ಟಿರುವ ಪ್ರಶ್ನೆ. ಈ ವಿದ್ವಾಂಸರಲ್ಲಿ ಹೆಚ್ಚಿನವರು ಇನ್ನೂ ಪಿಯುಸಿ ಮುಗಿಸಿಲ್ಲ ಎಂಬುದು ಬೇರೆ ಮಾತು. ಪ್ರಸ್ತುತ ಪ್ರಬಂಧದ ವ್ಯಾಪ್ತಿ ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ. ಸಕಲೇಶಪುರದವರನ್ನು ಮಳೆಗಾಲದ ಕರೆಂಟಿನ ಕಾರಣಕ್ಕೆ ಕೈಬಿಡಲಾಗಿದೆ.

ಶಾಸ್ತ್ರದ ಪದ್ಧತಿಯಂತೆ ಮೊದಲು ಐತಿಹ್ಯ. ಬೇಲೂರು ದೇಗುಲದ ಬಾಗಿಲ ಬದಿ ಸಳ ಹುಲಿಯನ್ನು ಇರಿಯುತ್ತಿರುವ ಶಿಲ್ಪ ಎಲ್ಲರೂ ಕಂಡದ್ದೇ. ಹುಲಿ ಎನ್ನುತ್ತದೆ ಕಥೆ, ನೋಡಿದರೆ ಸಿಂಹ. ಗ್ರಾಫಿಕ್ಸ್ ತೊಂದರೆ ಆಗಲೂ ಇತ್ತೆಂದು ತಿಳಿಯಬೇಕು. ಮೃಗ ಮೇಲೆರಗಿದಾಗ ಗುರು ಸುದತ್ತ ಮುನಿಗಳು 'ಹೊಯ್, ಸಳ' ಎಂದು ಕೂಗಿದರು, ಸಳ ಹೊಯ್ದ, ಹೊಯ್ಸಳ ವಂಶಕ್ಕೆ ಹೆಸರು ಬಂತು. ಇತಿಹಾಸಕಾರರು ಇದನ್ನು ದಂತಕಥೆ ಎಂದು ಬದಿಗಿಡುತ್ತಾರೆ. ಗೇಮ್ ಮೀಮಾಂಸಕರು ಹಾಗೆ ಬಿಡುವವರಲ್ಲ. ಒಬ್ಬ ಆಡುವುದು, ಹಿಂದೆ ಕೂತವನು 'ಹೊಡಿಯೋ, ಎಡಕ್ಕೆ ಬಂತು ನೋಡು' ಎಂದು ಬಡಕೊಳ್ಳುವುದು ಸೋಫಾದ ಸಂಸ್ಕೃತಿ, ಅಂದರೆ ಕನ್ಸೋಲಿನ ಸಂಸ್ಕೃತಿ. ಪಿಸಿಯ ಮುಂದಿರುವುದು ಒಂದೇ ಕುರ್ಚಿ. ಸುದತ್ತ ಮುನಿಗಳು ಎಲ್ಲಿ ಕೂರಬೇಕು?

ಸಳನಿಗೆ ಇದ್ದದ್ದು ಒಂದೇ ಲೈಫು. ನಿಂಟೆಂಡೊದಲ್ಲಿ ಆಡುವ ಕಾಂಟ್ರಾ ಆಟದಲ್ಲಾದರೆ ಮೇಲೆ-ಮೇಲೆ, ಕೆಳಗೆ-ಕೆಳಗೆ, ಎಡ-ಬಲ, ಎಡ-ಬಲ ಒತ್ತಿ, ಬಿ, ಎ ಎಂದರೆ ಮೂವತ್ತು ಲೈಫು. ಈ ಬೀಜಮಂತ್ರ ನಮ್ಮ ಕಡೆ ಬಂದದ್ದು ತೊಂಬತ್ತರ ದಶಕದ 'ಟಿವಿ ಗೇಮ್' ಪೆಟ್ಟಿಗೆಗಳ ಜೊತೆ. ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ತಂದ ಫ್ಯಾಮಿಕಾಮ್‌ನ ನಕಲುಗಳು ಅವು. ಕ್ಯಾಸೆಟ್ಟಿನ ಮೇಲೆ '999999 ಇನ್ 1' ಎಂದು ಅಚ್ಚು. ಒಳಗೆ ಮಾರಿಯೋ, ಟ್ಯಾಂಕು, ಬಾತುಕೋಳಿ ಬೇಟೆ ಹೀಗೆ ಹತ್ತಿಪ್ಪತ್ತು ಇದ್ದರೆ ಪುಣ್ಯ. ಮಿಕ್ಕವು ಅವೇ, ಬೇರೆ ನಂಬರಿನಲ್ಲಿ. ಆಟ ಬರದಿದ್ದರೆ ಕ್ಯಾಸೆಟ್ ಕಿತ್ತು, ಬಾಯಿ ಹತ್ತಿರ ಹಿಡಿದು, 'ಉಫ್' ಎಂದು ಊದಿ ಮತ್ತೆ ಸಿಕ್ಕಿಸಬೇಕು. ಆಟ ಬರುತ್ತಿದ್ದದ್ದು ಕಿತ್ತು ಸಿಕ್ಕಿಸಿದ್ದರಿಂದ. ಊದಿದ್ದರ ಫಲ ಪಿನ್ನಿಗೆ ಹಿಡಿದ ತುಕ್ಕು ಮಾತ್ರ. ಆದರೂ ಊದದೆ ಆಡಿದವರನ್ನು ಈ ಜಿಲ್ಲೆ ಕಂಡಿಲ್ಲ.

ಈಗ ಅರ್ಥಶಾಸ್ತ್ರ. ರೂಪಾಯಿ ಚಂಚಲವಾದ್ದರಿಂದ ಚನ್ನರಾಯಪಟ್ಟಣಕ್ಕೆ ಒಗ್ಗುವ ಮಾಪನ ಉಂಡೆ ಕೊಬ್ಬರಿ. ಪ್ಲೇಸ್ಟೇಷನ್ 5 ಭಾರತಕ್ಕೆ 2021ರ ಫೆಬ್ರುವರಿ 2ರಂದು ಬಂದಾಗ ಡಿಸ್ಕ್ ಹಾಕುವ ಮಾದರಿಗೆ 49,990 ರೂಪಾಯಿ. ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 10,600. ಅಲ್ಲಿಗೆ ಒಂದು ಕನ್ಸೋಲ್ ಎಂದರೆ 4.72 ಕ್ವಿಂಟಲ್. 2022ರ ನವೆಂಬರಿನಲ್ಲಿ ಸೋನಿ ಬೆಲೆಯನ್ನು 54,990ಕ್ಕೆ ಏರಿಸಿತು. 2024ರ ಹಂಗಾಮಿಗೆ ಬೆಂಬಲ ಬೆಲೆ 12,000 ಆಯಿತು. ಭಾಗಿಸಿ ನೋಡಿ: 4.58 ಕ್ವಿಂಟಲ್. ಐದು ಸಾವಿರ ಏರಿದ ಮೇಲೂ ಕನ್ಸೋಲ್ 13 ಕೆಜಿ ಅಗ್ಗವಾಯಿತು! ಈ ಸಂಶೋಧನೆಯನ್ನು ತೋಟದ ಯಜಮಾನರ ಮುಂದೆ ಮಂಡಿಸುವ ಹುಡುಗನಿಗೆ ಅಟ್ಟದಿಂದ ಕಾಯಿ ಇಳಿಸುವ ಕೆಲಸ ಖಚಿತ.

ರಾಮನಾಥಪುರದ ಹರಾಜು ಕಟ್ಟೆಯ ಹೊಗೆಸೊಪ್ಪಿನಲ್ಲಿ ಅರಕಲಗೂಡಿನವರು ಇದೇ ಲೆಕ್ಕ ಮಾಡಿಕೊಳ್ಳಬಹುದು. ಹಾಸನದವರು ಆಲೂಗಡ್ಡೆಯಲ್ಲಿ ಮಾಡದಿರುವುದು ಒಳ್ಳೆಯದು. ಅಂಗಮಾರಿ ಬಿದ್ದ ವರ್ಷ ಮನೆಯಲ್ಲಿ ಕನ್ಸೋಲ್ ಮಾತೆತ್ತಿದರೆ ಊಟಕ್ಕೂ ಸಂಚಕಾರ.

ತತ್ತ್ವದ ಕಡೆಯಿಂದ ನೋಡಿದರೆ ಕನ್ಸೋಲ್ ದ್ವೈತ. ಆಟ ಬೇರೆ, ಓದು ಬೇರೆ, ಎಂದಿಗೂ ಬೇರೆ. ಪಿಸಿ ಅದ್ವೈತ: ಟ್ಯಾಲಿಯೂ ಅದರಲ್ಲೇ, ಪ್ರಾಜೆಕ್ಟ್ ವರದಿಯೂ ಅದರಲ್ಲೇ, ಕೌಂಟರ್ ಸ್ಟ್ರೈಕೂ ಅದರಲ್ಲೇ, ಭೇದ ತೋರುವುದು ಬಾಗಿಲಲ್ಲಿ ನಿಂತವರಿಗೆ ಮಾತ್ರ. ಶಂಕರಭಾಷ್ಯವನ್ನು ಕನ್ನಡದಲ್ಲಿ ಅಚ್ಚು ಹಾಕಿದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಹೊಳೆನರಸೀಪುರದಲ್ಲೇ ಇರುವುದರಿಂದ ಆ ಊರು ಪಿಸಿ ಪಂಥದ್ದೇ ಎಂದು ವಾದ ಹೂಡಬಹುದು. ಹೂಡಿದರೆ ಸೋಲುತ್ತೀರಿ. ಪಿಸಿಯ ಆಕರ್ಷಣೆ ತತ್ತ್ವದ್ದಲ್ಲ, ಪುಕ್ಕಟೆಯದು. ಪಿಎಸ್5ರ ದೊಡ್ಡ ಆಟವೊಂದಕ್ಕೆ 4,999 ರೂಪಾಯಿ ಕೊಡಬೇಕು. 2018ರ ಡಿಸೆಂಬರಿನಲ್ಲಿ ತೆರೆದ ಎಪಿಕ್ ಗೇಮ್ಸ್ ಆನ್‌ಲೈನ್ ಅಂಗಡಿಯೋ ಪಿಸಿಯವರಿಗೆ ವಾರಕ್ಕೊಂದರಂತೆ ಆಟಗಳನ್ನು ಪ್ರಸಾದದ ಹಾಗೆ ಹಂಚುತ್ತಿದೆ. ಕೆಲವು ಆಟಗಳು ನೂರು ಜಿಬಿ ತೂಗುತ್ತವೆ ಅನ್ನುವುದು ಪ್ರಸಾದ ಕೈಗೆ ಬಂದ ಮೇಲೆ ತಿಳಿಯುವ ಸಂಗತಿ. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಅದನ್ನು ಇಳಿಸಲು 67 ದಿನ ಬೇಕು. ಅದೇ ದಿನ ಆಲೂಗಡ್ಡೆ ಬಿತ್ತಿದ್ದರೆ ಅಷ್ಟರಲ್ಲಿ ಗೆಡ್ಡೆ ಕಟ್ಟಿರುತ್ತದೆ.

ವಿದ್ಯುತ್ ಪ್ರಕರಣ. ಗೇಮಿಂಗ್ ಪಿಸಿ ಆಟದ ಹೊತ್ತಿನಲ್ಲಿ 400 ವಾಟ್ ಎಳೆಯುತ್ತದೆ, ಪಿಎಸ್5 200 ಎಳೆಯುತ್ತದೆ ಎಂದು ಹಿಡಿಯೋಣ. ದಿನಕ್ಕೆ ನಾಲ್ಕು ಗಂಟೆಯ ಮಿತವಾದ ಸಾಧನೆಗೆ ತಿಂಗಳಿಗೆ ಕ್ರಮವಾಗಿ 48 ಮತ್ತು 24 ಯೂನಿಟ್. ಹಿಂದೆ ಇದು ಯಾರ ಗಮನಕ್ಕೂ ಬರುತ್ತಿರಲಿಲ್ಲ. 2023ರ ಜುಲೈನಲ್ಲಿ ಮನೆಗಳಿಗೆ ಪುಕ್ಕಟೆ ಕರೆಂಟಿನ ಗೃಹಜ್ಯೋತಿ ಯೋಜನೆ ಬಂತು. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ಸೊನ್ನೆ ಬಿಲ್ಲಿಗೆ ಒಗ್ಗಿದ ಮನೆಗೆ ಚೆಸ್ಕಾಂನವರು ಒಮ್ಮೆ ನಿಜವಾದ ಬಿಲ್ಲು ಕೊಟ್ಟರೆ, ಮೇಜಿನ ಕೆಳಗೆ ಕೆಂಪು ನೀಲಿ ದೀಪ ಮಿನುಗಿಸುತ್ತಾ ಕೂತ ಸಿಪಿಯು ಅಪರಾಧಿಯ ಸ್ಥಾನಕ್ಕೆ ಬರುತ್ತದೆ. ಹಾಗೆಂದು ಕನ್ಸೋಲ್ ಗೆದ್ದಿತು ಅನ್ನುವಂತಿಲ್ಲ. ಅದಕ್ಕೆ ಟಿವಿ ಬೇಕು. ಸಂಜೆ ಆರೂವರೆಯಿಂದ ಹತ್ತರವರೆಗೆ ಟಿವಿ ಅಜ್ಜಿಯ ಸುಪರ್ದಿನಲ್ಲಿರುತ್ತದೆ, ಧಾರಾವಾಹಿಗಳಿಗೆ ಪಾಸ್ ಬಟನ್ ಇಲ್ಲ. ಆದಕಾರಣ ಕನ್ಸೋಲಿನ ದರಕ್ಕೆ ಇನ್ನೊಂದು ಟಿವಿಯ ದರವನ್ನೂ ಕೂಡಿಸಿಕೊಳ್ಳತಕ್ಕದ್ದು.

ಕಂಟ್ರೋಲರ್ ಹಿಡಿದು ಕೂತರೆ ಉದ್ಧಾರವಾಗುತ್ತೀಯಾ ಎಂದು ಕೇಳುವ ತಂದೆಯಂದಿರಿಗೆ ಹಾಸನದಲ್ಲೇ ಉತ್ತರವಿದೆ. ಇಸ್ರೊದ ಪ್ರಧಾನ ನಿಯಂತ್ರಣ ಕೇಂದ್ರ 1982ರಿಂದ ಇಲ್ಲಿದೆ. ಪರದೆ ನೋಡುತ್ತಾ ಕೂತು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಆಡಿಸುವುದೇ ಅಲ್ಲಿನ ಉದ್ಯೋಗ. ಅಷ್ಟು ಮೇಲೆ ಹೋಗಿ ಬರಲು ಸಂಕೇತಕ್ಕೆ ಕಾಲು ಸೆಕೆಂಡಿಗಿಂತ ಸ್ವಲ್ಪ ಕಡಿಮೆ ಬೇಕು. ಹುಡುಗರ ಭಾಷೆಯಲ್ಲಿ ಹೇಳುವುದಾದರೆ ಪಿಂಗ್ 240. ಇಷ್ಟು ಪಿಂಗಿನಲ್ಲಿ ವ್ಯಾಲರಂಟ್ ಆಡುವ ಹುಡುಗ ಮೌಸ್ ಎಸೆದು ಎದ್ದುಹೋಗುತ್ತಾನೆ; ಅಲ್ಲಿನವರು ನಲವತ್ತು ವರ್ಷದಿಂದ ಎದ್ದಿಲ್ಲ. ಅವರ ಮೊದಲ ಇನಿಂಗ್ಸ್ ಚೆನ್ನಾಗಿರಲಿಲ್ಲ, ನಿಜ. 1982ರ ಏಪ್ರಿಲಿನಲ್ಲಿ ಹಾರಿದ ಇನ್ಸಾಟ್-1ಎ ಸೆಪ್ಟೆಂಬರಿನಲ್ಲಿ ಇಂಧನ ಮುಗಿದು ಕೈಬಿಟ್ಟಿತು. ಮರುವರ್ಷ 1ಬಿ ಹಾರಿಸಿ ಆಟ ಮುಂದುವರಿಸಿದರು.

ಇಷ್ಟೆಲ್ಲ ಅಳೆದು ತೂಗಿದರೂ ಈ ನಾಲ್ಕು ತಾಲ್ಲೂಕುಗಳಲ್ಲಿ ತೀರ್ಪು ಬಂದಿರುವುದು ಒಂದೇ ಪದದ ಮೇಲೆ: 'ಓದಿಗೆ'. 'ಅಪ್ಪಾ, ಓದಿಗೆ ಕಂಪ್ಯೂಟರ್ ಬೇಕು' ಎಂಬ ವಾಕ್ಯಕ್ಕೆ ಎಷ್ಟೋ ಕ್ವಿಂಟಲ್ ಕೊಬ್ಬರಿ ಕರಗಿದೆ. 'ಓದಿಗೆ ಪ್ಲೇಸ್ಟೇಷನ್ ಬೇಕು' ಎಂದು ಹೇಳುವ ಧೈರ್ಯ ಈತನಕ ಯಾರಿಗೂ ಬಂದಿಲ್ಲ. ಕನ್ಸೋಲ್ ತಾನು ಏನೆಂದು ಮುಖಕ್ಕೇ ಹೇಳುವ ಪ್ರಾಮಾಣಿಕ ಯಂತ್ರ, ಆದ್ದರಿಂದಲೇ ಹೊಸ್ತಿಲು ದಾಟಲಾರದು. ಪಿಸಿಗೋ ಆಲ್ಟ್-ಟ್ಯಾಬ್ ಮುದ್ರೆಯ ರಕ್ಷಣೆಯಿದೆ. ಎಡಗೈ ಹೆಬ್ಬೆರಳು ಆಲ್ಟ್ ಮೇಲೆ, ನಡುಬೆರಳು ಟ್ಯಾಬ್ ಮೇಲೆ, ಕಿವಿ ನಡುಮನೆಯ ಚಪ್ಪಲಿ ಸದ್ದಿನ ಮೇಲೆ. ಚಿಲಕ ಅಲುಗುವಷ್ಟರಲ್ಲಿ ಪರದೆಯ ಮೇಲೆ ಎಲೆಕ್ಟ್ರೋಸ್ಟ್ಯಾಟಿಕ್ಸ್ ನೋಟ್ಸು, ಹಣೆಯ ಮೇಲೆ ಗಂಟು, ಬಾಯಲ್ಲಿ 'ಏನಪ್ಪಾ?'

ಆದ್ದರಿಂದ ಪಿಸಿಯೇ ಗೆದ್ದಿದೆಯೆಂದು ಈ ಪ್ರಬಂಧದ ನಿರ್ಣಯ. ಇದನ್ನು ಓದಿದ ಹಾಸನ ಸೀಮೆಯ ತಂದೆಯಂದಿರು ಇನ್ನು ಮುಂದೆ ಕೋಣೆಯ ಬಾಗಿಲು ತಳ್ಳುವ ಮೊದಲು ಒಮ್ಮೆ ಕೆಮ್ಮಬೇಕಾಗಿ ವಿನಂತಿ.