ಒಂದೇ ಪೀಠಕ್ಕೆ ಎಂಟು ಮಂದಿ

ನಮ್ಮ ಉಡುಪಿಯ ಆಫೀಸಿನಲ್ಲಿ ಐದು ಕಂಪ್ಯೂಟರ್. ನಾಲ್ಕು ಚುರುಕು. ನನ್ನದು ಮಾತ್ರ, ಗುಂಡಿ ಒತ್ತಿ ಕೆಳಗಿಳಿದು ಗೋಳಿಬಜೆ, ಚಾ ಮುಗಿಸಿ ಬಂದರೂ ಇನ್ನೂ ತಿರುಗುತ್ತಲೇ ಇರುತ್ತಿತ್ತು. "ಹೊಸತು ತೆಗೆಯಿರಿ ಮಾರಾಯ್ರೆ" ಎಂದರು, ದುಡ್ಡು ಕೊಡಬೇಕಾಗಿಲ್ಲದವರು.

ಮಣಿಪಾಲದಿಂದ ಬಂದ ಹುಡುಗ ಟಾಸ್ಕ್ ಮ್ಯಾನೇಜರ್ ತೆರೆದ. ಡಿಸ್ಕ್ ಶೇಕಡಾ 100! ಆಂಟಿವೈರಸ್ ಎರಡು, ಒಂದು ಮುಟ್ಟಿದ ಫೈಲನ್ನು ಇನ್ನೊಂದು ತಪಾಸಣೆ ಮಾಡುತ್ತಿತ್ತು. "ಎಂತ ಸಾರ್, ಕೃಷ್ಣಮಠದ ಪರ್ಯಾಯದಲ್ಲಿ ಎಂಟು ಮಠದವರಿಗೆ ಎರಡೆರಡು ವರ್ಷ ಸರದಿ. ನಿಮ್ಮದರಲ್ಲಿ ಎಂಟೂ ಪ್ರೋಗ್ರಾಮು ಬೆಳಿಗ್ಗೆಯೇ ಒಟ್ಟಿಗೆ ಪೀಠ ಏರುತ್ತವಲ್ಲ!"

ಒಂದು ಆಂಟಿವೈರಸ್ ಕಿತ್ತ, ಸ್ಟಾರ್ಟಪ್ ಪಟ್ಟಿ ಖಾಲಿ ಮಾಡಿದ, ಹಳೇ ಹಾರ್ಡ್ ಡಿಸ್ಕ್ ಜಾಗಕ್ಕೆ ಎಸ್‌ಎಸ್‌ಡಿ ಹಾಕಿದ. ಈಗ ಅರ್ಧ ನಿಮಿಷದಲ್ಲಿ ತಯಾರು. ಗೋಳಿಬಜೆಗೆ ಬೇರೆ ನೆಪ ಹುಡುಕುತ್ತಿದ್ದೇನೆ.