ಇಂಗ್ಲಿಷಿನಲ್ಲಿ ಸುಮ್ಮನಿರುವ ಬಗೆಗಳು: ಒಂದು ತಾತ್ವಿಕ ಅನುಸಂಧಾನ

1. ಉದ್ದೇಶ: ವಾಗ್ವ್ಯಾಪಾರಸೂಚಕ ಪದಸಂಪತ್ತಿನ ಬಹುಆಯಾಮಿಕ ಸಂರಚನೆಯನ್ನು ಸಂಕಥನದ ಚೌಕಟ್ಟಿನೊಳಗೆ ಸಮಸ್ಯೀಕರಿಸುವುದು. ಎಂದರೆ, ಹರಟೆಮಲ್ಲನಿಗೆ ಇಂಗ್ಲಿಷಿನಲ್ಲಿ ಏನಂತಾರೆ ಎಂದು ನೋಡುವುದು.

2. ಆಕರ: ನಾರ್ಮನ್ ಲೂಯಿಸರ ‘ವರ್ಡ್ ಪವರ್ ಮೇಡ್ ಈಸಿ’ (1949). ಅಮೆರಿಕದಲ್ಲಿ ಹುಟ್ಟಿತು, ನಮ್ಮ ಫುಟ್‌ಪಾತುಗಳಲ್ಲಿ ಬೆಳೆಯಿತು. ನಮ್ಮ ಹಳೆಯ ಪ್ರತಿ ಸಿಕ್ಕಿದ್ದು ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ. ಮೊದಲ ಮೂವತ್ತು ಪುಟ ತುಂಬ ಪೆನ್ಸಿಲ್ ಗೆರೆ. ಆಮೇಲೆ ಒಂದೂ ಇಲ್ಲ. ಪೂರ್ವಸೂರಿಗಳು ಅಲ್ಲಿಗೇ ಕೈಮುಗಿದಿದ್ದಾರೆ.

3. ವರ್ಗೀಕರಣ:

(ಅ) ಅಲ್ಪವಾಕ್‌ವರ್ಗ. ಬಾಯೇ ಬಿಡದವನು ಟ್ಯಾಸಿಟರ್ನ್. ಚುಟುಕಾಗಿ ಮುಗಿಸುವವನು ಲಕಾನಿಕ್. ಲಕೋನಿಯಾ ಸ್ಪಾರ್ಟದ ಸೀಮೆ. “ನಿಮ್ಮ ನಾಡಿಗೆ ನುಗ್ಗಿದರೆ ಬೂದಿ ಮಾಡುತ್ತೇನೆ” ಎಂದು ಮೆಸಿಡೋನಿಯಾದ ಫಿಲಿಪ್ ಹೇಳಿಕಳಿಸಿದಾಗ, ಸ್ಪಾರ್ಟದವರು ‘ಇಫ್’ ಎಂಬರ್ಥದ ಒಂದೇ ಪದ ಕಳಿಸಿದರಂತೆ. ಕನ್ನಡದಲ್ಲಿ ಅದಕ್ಕೆ ಪದವೂ ಬೇಡ, ‘ರೆ’ ಸಾಕು. ಮಿತಭಾಷೆಯಲ್ಲಿ ನಾವು ಸ್ಪಾರ್ಟವನ್ನು ಮೀರಿಸಿದ್ದನ್ನು ವಿದ್ವತ್‌ಲೋಕ ಇನ್ನೂ ಗಮನಿಸಿಲ್ಲ.

(ಆ) ಅತಿವಾಕ್‌ವರ್ಗ. ವಟಗುಟ್ಟುವವನು ಗ್ಯಾರುಲಸ್, ಪಟಪಟನೆ ಆಡುವವನು ವಾಲ್ಯುಬಲ್, ಸುತ್ತಿ ಬಳಸಿ ಹೇಳುವವನು ವರ್ಬೋಸ್ (ಈ ಪ್ರಬಂಧದ ಮೊದಲ ವಾಕ್ಯ ನೋಡಿ).

(ಇ) ಇನ್ನೊಂದು ವರ್ಗವಿತ್ತು. ಬೇಡ, ಬಿಡಿ.

ಇವನ್ನೆಲ್ಲ ಬಾಯಿಪಾಠ ಮಾಡಿಕೊಂಡು ಒಂದು ಸಂದರ್ಶನಕ್ಕೆ ಹೋಗಿದ್ದೆ. “ನಿಮ್ಮ ಬಗ್ಗೆ ಹೇಳಿ” ಅಂದರು, ಇಂಗ್ಲಿಷಿನಲ್ಲಿ. ನಾಲಗೆ ಒಣಗಿತು. ಎದುರಿಗಿದ್ದವರು ಹಾಳೆಯ ಮೇಲೆ ಒಂದು ಪದ ಗೀಚಿದರು. ತಲೆಕೆಳಗಾಗಿದ್ದರೂ ಓದಿಕೊಂಡೆ: ಇನಾರ್ಟಿಕ್ಯುಲೇಟ್. ಅದೂ ಲೂಯಿಸರ ಪುಸ್ತಕದಲ್ಲಿ ಈ ಪದಗಳಿರುವ ಅಧ್ಯಾಯದ್ದೇ. ಅರ್ಥ ಗೊತ್ತಿದ್ದದ್ದಕ್ಕೇ ಹೆಚ್ಚು ಉರಿಯಿತು. ಊರ ಜಗಲಿಯ ಮೇಲೆ ನಡುರಾತ್ರಿವರೆಗೂ ಕತೆ ಹೇಳುತ್ತಿದ್ದ ನನಗೆ ಮಾತು ಬರುವುದಿಲ್ಲವಂತೆ! ಯಾರ ಮಾತು ಸ್ವಾಮಿ?

4. ಉಪಸಂಹಾರ: ನಮ್ಮಜ್ಜಿಯ ಹತ್ತಿರ ಪುಸ್ತಕವಿರಲಿಲ್ಲ. ಬಾಯಾಳಿ, ಗುಮ್ಮನಗುಸುಕ, ಅಡ್ಡಗೋಡೆ ಮೇಲೆ ದೀಪ ಇಡುವವನು ಎಂದು ಇಡೀ ಬೀದಿಯನ್ನು ಬಾಯಲ್ಲೇ ವಿಂಗಡಿಸಿಟ್ಟಿದ್ದಳು. ಅದನ್ನು ಯಾರೂ ಬರೆದುಕೊಳ್ಳಲಿಲ್ಲ, ನಾನೂ.

ಮೊನ್ನೆ ಮಗಳು ಕೇಳಿದಳು, “ಅಪ್ಪ, ಗುಮ್ಮನಗುಸುಕ ಅಂದ್ರೇನು?” “ಟ್ಯಾಸಿಟರ್ನ್” ಅಂದುಬಿಟ್ಟೆ. ತಪ್ಪು. ಟ್ಯಾಸಿಟರ್ನ್ ಆದವನು ಸುಮ್ಮನಿರುತ್ತಾನೆ, ಅಷ್ಟೆ. ಗುಮ್ಮನಗುಸುಕ ಸುಮ್ಮನಿದ್ದುಕೊಂಡೇ ಒಳಗೊಳಗೆ ಏನೋ ಹೊಂಚುತ್ತಿರುತ್ತಾನೆ. ತಿದ್ದಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳು ಬರೆದುಕೊಂಡಾಗಿತ್ತು, ಪೆನ್ಸಿಲಿನಲ್ಲಿ.