ಲಿಂಕ್ ಕಳಿಸಿದೆ, ಪಾಠ ಆಯಿತು

ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಕಾಲೇಜುಗಳಲ್ಲಿ ಈಗ ಪಾಠ ಮಾಡುವುದಕ್ಕಿಂತ, ಮಾಡಿದ್ದೇವೆ ಎಂದು ತೋರಿಸುವುದೇ ದೊಡ್ಡ ವಿದ್ಯೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಕೈಹಿಡಿದು ಬಂದ ವಿದ್ಯೆ ಇದು. ಲಾಕ್‌ಡೌನ್ ಹೋಯಿತು, ವಿದ್ಯೆ ಇಲ್ಲೇ ಮನೆ ಮಾಡಿತು.

ಆ ಬೇಸಿಗೆಯ ವೆಬಿನಾರ್ ಸುಗ್ಗಿಯನ್ನು ಒಮ್ಮೆ ನೆನೆಸಿಕೊಳ್ಳಿ. ತಾಲ್ಲೂಕು ಮಟ್ಟದ ವೆಬಿನಾರ್ ಎಂಬುದೊಂದು ಇರಲೇ ಇಲ್ಲ, ಎಲ್ಲವೂ ರಾಷ್ಟ್ರಮಟ್ಟದ್ದು. ನ್ಯೂಜೆರ್ಸಿಯಲ್ಲಿರುವ ಯಾರದೋ ಭಾವಮೈದುನ ಹತ್ತು ನಿಮಿಷ ಮಾತಾಡಲು ಒಪ್ಪಿದರೆ ಅಂತರರಾಷ್ಟ್ರೀಯ. ಸ್ವಾಗತ ಭಾಷಣ ಶುರುವಾಗಿ ಅರ್ಧ ಮುಗಿದ ಮೇಲೆ ಯಾರೋ ಧೈರ್ಯ ಮಾಡಿ, "ಸಾರ್, ಮ್ಯೂಟ್‌ನಲ್ಲಿದ್ದೀರಿ" ಎನ್ನುವರು. ಭಾಷಣ ಮತ್ತೆ ಮೊದಲಿನಿಂದ. ಇತ್ತ ಮುಖ್ಯ ಅತಿಥಿಗಳು ಮಹಾಮಾರಿ ಮತ್ತು ಮಾನವಿಕಗಳ ಸಂಬಂಧ ಬಿಡಿಸುತ್ತಿದ್ದರೆ, ಚಾಟ್‌ನಲ್ಲಿ ಜ್ಞಾನದಾಹಿಗಳ ಒಂದೇ ಪ್ರಶ್ನೆ: "ಫೀಡ್‌ಬ್ಯಾಕ್ ಲಿಂಕ್ ಯಾವಾಗ ಹಾಕ್ತೀರಾ?" ಲಿಂಕ್ ಬಿದ್ದದ್ದೇ ತಡ, ಸಭೆ ಖಾಲಿ. ಉಳಿಯುತ್ತಿದ್ದವರು ಮೂವರು: ಭಾಷಣಕಾರರು, ಸಂಘಟಕರು, ಮೊಬೈಲ್ ಪಕ್ಕದಲ್ಲಿಟ್ಟು ನಿದ್ದೆಹೋದ ಒಬ್ಬರು. ಆ ಮೂವರನ್ನೂ ಸೇರಿಸಿ ಎಲ್ಲರಿಗೂ ಇ-ಸರ್ಟಿಫಿಕೇಟ್. ಫಾರ್ಮ್‌ನಲ್ಲಿ ಹೆಸರಿನ ಜಾಗದಲ್ಲಿ "ಗುಡ್ ಮಾರ್ನಿಂಗ್ ಸಾರ್" ಎಂದು ತುಂಬಿದವರಿಗೆ, ಶ್ರೀಯುತ ಗುಡ್ ಮಾರ್ನಿಂಗ್ ಸಾರ್ ಅವರು ಸಕ್ರಿಯವಾಗಿ ಭಾಗವಹಿಸಿದ್ದಾರೆಂದು ಪ್ರಾಂಶುಪಾಲರ ಸಹಿ.

ಇದನ್ನೆಲ್ಲ ಆಪತ್ಕಾಲದ ಲೆಕ್ಕಕ್ಕೆ ಬಿಡಬಹುದಿತ್ತು. ಆದರೆ ಆಪತ್ತಿನ ನಡುವೆಯೇ ಆನ್‌ಲೈನ್ ಪಾಠಕ್ಕೆ ಅಂಕಗಳ ಪಾಲು ಹೆಚ್ಚಿತು. ಕೇಂದ್ರ ಸರ್ಕಾರದ 'ಸ್ವಯಂ' ಜಾಲತಾಣ 2017ರ ಜುಲೈನಲ್ಲೇ ಶುರುವಾಗಿತ್ತು. ಅದರ ಕೋರ್ಸ್‌ಗಳನ್ನು ಪದವಿಯ ಕ್ರೆಡಿಟ್‌ಗೆ ಸೇರಿಸಿಕೊಳ್ಳಲು ಯುಜಿಸಿ ಅದಕ್ಕೂ ಮುಂಚೆ, 2016ರಲ್ಲೇ, ಒಂದು ಸೆಮಿಸ್ಟರ್‌ನ ಕೋರ್ಸ್‌ಗಳ ಶೇ 20ರವರೆಗೆ ಅವಕಾಶ ಕೊಟ್ಟಿತ್ತು. 2021ರಲ್ಲಿ ಅದು ಶೇ 40 ಆಯಿತು. ಒಳ್ಳೆಯ ಉದ್ದೇಶ, ಅನುಮಾನವಿಲ್ಲ. ತನ್ನ ಊರಿನ ಕಾಲೇಜಿನಲ್ಲಿ ಇಲ್ಲದ ವಿಷಯವನ್ನು ದೇವನಹಳ್ಳಿಯ ಹುಡುಗ ಐಐಟಿಯ ಪ್ರಾಧ್ಯಾಪಕರಿಂದ ಕಲಿಯಲಿ ಎಂದು. ಹುಡುಗ ಕಲಿತದ್ದೂ ಉಂಟು, ಸ್ವಲ್ಪ ಬೇರೆ ದಾರಿಯಲ್ಲಿ. ಸ್ವಯಂ ಮೂಲಕ ಸಿಗುವ ಎನ್‌ಪಿಟೆಲ್ ಕೋರ್ಸ್‌ಗಳಲ್ಲಿ ವಾರವಾರದ ಅಸೈನ್‌ಮೆಂಟ್‌ಗೆ 25 ಅಂಕ, ಕೊನೆಯ ಪರೀಕ್ಷೆಗೆ 75. ವಾರದ ಪ್ರಶ್ನೆಗಳು ಬಂದ ಬೆನ್ನಿಗೇ ಉತ್ತರಗಳು ಟೆಲಿಗ್ರಾಂನಲ್ಲಿ ಬಿದ್ದಿರುತ್ತವೆ. "ಕೋರ್ಸ್ ನೋಡಿದೆಯೇನಯ್ಯಾ?" ಎಂದು ಕೇಳಿದರೆ ಉತ್ತರ ಪ್ರಾಮಾಣಿಕವಾದದ್ದೇ: "ವಿಡಿಯೊ ಓಡ್ತಾ ಐತೆ ಸಾರ್. ನಾನು ನೋಡ್ತಾ ಇಲ್ಲ ಅಷ್ಟೆ."

ಹುಡುಗನನ್ನು ಬೈಯುವಂತಿಲ್ಲ. ಅವನ ಮೇಷ್ಟ್ರೂ ಅಲ್ಲೇ ಕಲಿಯುತ್ತಿದ್ದಾರೆ. ಬಡ್ತಿಗೆ ಬೇಕಾದ ಪುನಶ್ಚೇತನ ತರಬೇತಿಯನ್ನು ಆನ್‌ಲೈನ್‌ನಲ್ಲೇ ಮುಗಿಸುವ ಅವಕಾಶ 2018ರಿಂದ ಇದೆ. ಸ್ಟಾಫ್ ರೂಮಿನ ಮೂಲೆಯ ಕಂಪ್ಯೂಟರಿನಲ್ಲಿ ಬೋಧನಾ ಕೌಶಲದ ವಿಡಿಯೊ ಸದ್ದಿಲ್ಲದೆ ಓಡುತ್ತಿರುತ್ತದೆ; ಕೌಶಲ ಪಡೆಯಬೇಕಾದವರು ಕ್ಯಾಂಟೀನಿನಲ್ಲಿ ಮದ್ದೂರು ವಡೆ ಮುರಿಯುತ್ತಿರುತ್ತಾರೆ. ಗುರುಶಿಷ್ಯರು ಇಷ್ಟು ಒಂದಾದ ಕಾಲ ಹಿಂದೆ ಎಂದೂ ಇರಲಿಲ್ಲ.

ಹಾಗೆಂದು ಹಿಂದೆ ಕೃತಯುಗವಿತ್ತು ಎಂದು ನಾನೇನೂ ವಾದಿಸುವುದಿಲ್ಲ. ಇಸವಿ ತಿದ್ದದೆ ಇಪ್ಪತ್ತು ವರ್ಷ ಅದೇ ನೋಟ್ಸ್ ಬರೆಸಿದ ಪುಣ್ಯಾತ್ಮರನ್ನು ನಾವೆಲ್ಲ ಕಂಡಿದ್ದೇವೆ. ಆ ನೋಟ್ಸ್ ಈಗ ಪಿಡಿಎಫ್ ಆಗಿ ವಾಟ್ಸ್‌ಆ್ಯಪ್ ಗುಂಪಿನಲ್ಲಿದೆ, ಹೆಸರು 'ಇ-ಕಂಟೆಂಟ್'. ಹಾಳೆಯ ಹಳದಿಯನ್ನು ಮೊಬೈಲಿನ ಸ್ಕ್ಯಾನರ್ ತೆಗೆದಿದೆ. ಒಟ್ಟಾರೆ ಸುಧಾರಣೆ ಅಷ್ಟು.

ವಿಡಿಯೊ ಪಾಠದಿಂದ ನಿಜವಾಗಿ ಉಪಕಾರ ಆಗುತ್ತಿರುವವರ ಮಾತನ್ನು ಯಾವ ವರದಿಯಲ್ಲೂ ಯಾರೂ ಬರೆಯುವುದಿಲ್ಲ. ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗವಿರುವ ಮನೆಯ ಹುಡುಗಿಯೊಬ್ಬಳು, ಬೆಳಿಗ್ಗೆ ಅಮ್ಮನ ಜೊತೆ ನೂಲು ಸುತ್ತಿ ಕಾಲೇಜಿಗೆ ಬಂದು, ರಾತ್ರಿ ಮಗ್ಗ ನಿಂತ ಮೇಲೆ ಅಕೌಂಟೆನ್ಸಿಯ ಒಂದೇ ಲೆಕ್ಕವನ್ನು ನಾಲ್ಕು ಸಲ ನಿಲ್ಲಿಸಿ ನಿಲ್ಲಿಸಿ ನೋಡುತ್ತಾಳೆ. ತರಗತಿಯಲ್ಲಿ ಮೇಷ್ಟ್ರನ್ನು ನಾಲ್ಕು ಸಲ ನಿಲ್ಲಿಸಲು ಅವಳಿಗೆ ಸಂಕೋಚ. ಹೊಸಕೋಟೆಯ, ನೆಲಮಂಗಲದ ಗೋದಾಮುಗಳಲ್ಲಿ ರಾತ್ರಿ ಪಾಳಿ ಮಾಡಿ, ಬೆಳಗಿನ ಮೊದಲ ಪೀರಿಯಡ್‌ಗೆ ಕಣ್ಣು ಬಿಡಲಾಗದೆ ಕೂರುವ ಹುಡುಗರಿಗೂ ರೆಕಾರ್ಡ್ ಮಾಡಿದ ಪಾಠವೇ ಗತಿ. ಇಂಥವರಿಗಾಗಿ ಯಾರಾದರೂ ಕನ್ನಡದಲ್ಲಿ, ನಮ್ಮ ವಿಶ್ವವಿದ್ಯಾಲಯದ ಸಿಲಬಸ್ ನೋಡಿಕೊಂಡು, ಹದಿನೈದು ನಿಮಿಷದ ಚೊಕ್ಕ ಪಾಠ ಮಾಡಿದರೆ ಅವರ ಪಾದಕ್ಕೆ ನಮಸ್ಕಾರ. ಆದರೆ ರಾಷ್ಟ್ರಮಟ್ಟದ ಪಾಠಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದ ಬಿಎ ಹುಡುಗ ಅವನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸುತ್ತಾನೆ: ಅರ್ಥವಾಗದ್ದು ಬೇಗ ಮುಗಿಯಲಿ ಎಂದು.

ಸರ್ಕಾರ ಸುಮ್ಮನೆ ಕುಳಿತಿರಲಿಲ್ಲ. 2021ರ ಫೆಬ್ರುವರಿಯಲ್ಲಿ ರಾಜ್ಯದ 430 ಸರ್ಕಾರಿ ಪದವಿ ಕಾಲೇಜುಗಳಿಗೆ ಎಲ್‌ಎಂಎಸ್ ಎಂಬ ಕಲಿಕಾ ವ್ಯವಸ್ಥೆ ಬಂತು. ಅದೇ ವರ್ಷ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಟ್ಟರು. ಪ್ರವೇಶಾತಿ, ಪರೀಕ್ಷೆ, ಅಂಕಪಟ್ಟಿಗೆಲ್ಲ ಯುಯುಸಿಎಂಎಸ್ ಎಂಬ ಇನ್ನೊಂದು ತಂತ್ರಾಂಶ ಬಂತು; ಅದರ ಕೃಪೆಯಿಂದ ಫಲಿತಾಂಶ ತಡವಾಯಿತೆಂದು ವಿದ್ಯಾರ್ಥಿ ಸಂಘಟನೆಗಳು ಬೀದಿಗಿಳಿದವು. ಬೀದಿಯಾದರೂ ಆಫ್‌ಲೈನ್‌ನಲ್ಲಿ ಉಳಿದದ್ದು ಸಮಾಧಾನ.

ಇಷ್ಟೆಲ್ಲದರ ಫಲವನ್ನು ನೋಡಬೇಕಾದರೆ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಮೌಲ್ಯಮಾಪನಕ್ಕೆ ತಯಾರಿ ನಡೆಯುವ ವಾರ ಯಾವುದಾದರೂ ಕಾಲೇಜಿಗೆ ಹೋಗಿ. ನ್ಯಾಕ್‌ಗೆ ಜಿಯೋಟ್ಯಾಗ್ ಇರುವ ಫೋಟೊ ಬೇಕು: ಯಾವ ಅಕ್ಷಾಂಶ, ಯಾವ ರೇಖಾಂಶದಲ್ಲಿ ಜ್ಞಾನಪ್ರಸಾರ ನಡೆಯಿತು ಎಂಬುದಕ್ಕೆ ಸಾಕ್ಷಿ. ಸ್ಮಾರ್ಟ್ ಬೋರ್ಡಿನ ಮೇಲಿನ ಪ್ಲಾಸ್ಟಿಕ್ ಹಾಳೆ ಅಂದು ಕಳಚುತ್ತದೆ. ಮೇಷ್ಟ್ರು ಬೋರ್ಡಿನತ್ತ ಕೈ ಚಾಚಿ ನಿಲ್ಲುತ್ತಾರೆ, ಹುಡುಗರು ಬೆರಗಾದವರಂತೆ ನೋಡುತ್ತಾರೆ, ಕ್ಲಿಕ್. ಆಮೇಲೆ ಕರೆಂಟ್ ಹೋಗುತ್ತದೆ. ಹೋದರೆ ಹೋಗಲಿ, ಫೋಟೊ ಬಂದಿದೆ.

ಇದರಲ್ಲಿ ನನಗೆ ತೀರಾ ತಮಾಷೆ ಎನಿಸುವುದು ಇನ್ನೊಂದು. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಮೂಲಕ ಶಿಕ್ಷಣ ಶುರು ಮಾಡಿತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. "ಕರೆಸ್ಪಾಂಡೆನ್ಸಾ?" ಎಂದು ಮೂಗು ಮುರಿಯುತ್ತಿದ್ದವರು ನಾವೇ. ಈಗ ಮುಕ್ತ ವಿವಿಯ ಗೃಹಿಣಿ, ಕಂಡಕ್ಟರ್, ಪೊಲೀಸ್ ಪೇದೆ ರಜೆ ಹಾಕಿ ಸಂಪರ್ಕ ತರಗತಿಗೆ ಬಂದು ಮುಂದಿನ ಬೆಂಚಿನಲ್ಲಿ ಕೂತು ಪ್ರಶ್ನೆ ಕೇಳುತ್ತಾರೆ. ಶೇ 75 ಹಾಜರಾತಿಗಾಗಿ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಬರುವ ರೆಗ್ಯುಲರ್ ವಿದ್ಯಾರ್ಥಿಗೆ ತರಗತಿಯಲ್ಲಿ ಸಿಗುವುದು ಲಿಂಕು.

ನಗು ಇಲ್ಲಿಗೆ ಮುಗಿಯಿತು, ಸ್ವಲ್ಪ ಲೆಕ್ಕ ಮಾಡೋಣ. ನಮ್ಮ ಸರ್ಕಾರಿ ಪದವಿ ಕಾಲೇಜುಗಳನ್ನು ನಡೆಸುತ್ತಿರುವವರು ಅತಿಥಿ ಉಪನ್ಯಾಸಕರು. ರಾಜ್ಯದಲ್ಲಿ ಇವರ ಸಂಖ್ಯೆ ಹತ್ತು ಸಾವಿರ ದಾಟಿದೆ. ಹದಿನೈದು ವರ್ಷದಿಂದ ಇದ್ದರೂ ಅತಿಥಿಗಳೇ. ಊಟಕ್ಕೆ ಕರೆದು ಎಲೆ ಹಾಕದೆ ಕೂರಿಸಿದ ಹಾಗೆ. ಧರಣಿ ಕೂತ ಮೇಲೆ, 2022ರ ಜನವರಿಯಲ್ಲಿ ವಾರಕ್ಕೆ 15 ಗಂಟೆ ಕಾರ್ಯಭಾರ ಮತ್ತು ಗರಿಷ್ಠ 32,000 ರೂಪಾಯಿ ಗೌರವಧನ ಎಂದಾಯಿತು. ಒಬ್ಬರಿಗೆ ಗಂಟೆ ಹೆಚ್ಚಿದ್ದರಿಂದ ಇನ್ನೊಬ್ಬರಿಗೆ ಗಂಟೆಯೇ ಸಿಗದೆ ಹಲವರು ಮನೆಗೆ ಹೋದರು. ಈಗ ಸ್ವಯಂ ಕೋರ್ಸ್‌ಗಳ ಆ ಶೇ 40ನ್ನು ಯಾವನಾದರೂ ಬುದ್ಧಿವಂತ ಅಧಿಕಾರಿ ಪೂರ್ತಿ ಬಳಸಿಕೊಂಡ ಎನ್ನಿ. ಐವರು ಅತಿಥಿಗಳ 75 ಗಂಟೆ ಪಾಠದಲ್ಲಿ 30 ಗಂಟೆ ಸ್ವಯಂಗೆ ಹೋಯಿತು. ಉಳಿದ 45 ಗಂಟೆಗೆ ಮೂವರು ಸಾಕು. ಇಬ್ಬರನ್ನು ತೆಗೆಯಲು ಆದೇಶವೇ ಬೇಕಿಲ್ಲ, ಟೈಮ್‌ಟೇಬಲ್ ಸಾಕು. ವಿಡಿಯೊದ ಐಐಟಿ ಪ್ರಾಧ್ಯಾಪಕರು ಧರಣಿ ಕೂರುವುದಿಲ್ಲ, ಕಾಯಂ ಮಾಡಿ ಎನ್ನುವುದಿಲ್ಲ, ಹೆರಿಗೆ ರಜೆ ಕೇಳುವುದಿಲ್ಲ. ಆಡಳಿತಕ್ಕೆ ಇಂಥ ಆದರ್ಶ ಅಧ್ಯಾಪಕರು ಇನ್ನೆಲ್ಲಿ ಸಿಕ್ಕಾರು?

ಒಂದೇ ಕೊರತೆ. ಆ ಮಗ್ಗದ ಮನೆಯ ಹುಡುಗಿ ಎರಡು ವಾರ ಕಾಲೇಜಿಗೆ ಬಾರದಿದ್ದರೆ, "ಎಲ್ಲಮ್ಮಾ ಅವಳು, ಮದುವೆಗಿದುವೆ ಮಾಡ್ಬಿಟ್ರಾ?" ಎಂದು ಗೆಳತಿಯರನ್ನು ವಿಚಾರಿಸಿ ಅವರಪ್ಪನಿಗೆ ಫೋನ್ ಮಾಡುವುದು ಆ ಪ್ರಾಧ್ಯಾಪಕರಿಂದ ಆಗದು. ಅದನ್ನು ಮಾಡುತ್ತಿರುವುದು ಗೌರವಧನಕ್ಕೆ ತಿಂಗಳುಗಟ್ಟಲೆ ಕಾಯುವ ಅತಿಥಿ ಮೇಡಮ್ಮು, ತಮ್ಮದೇ ಕರೆನ್ಸಿಯಲ್ಲಿ.

ಉನ್ನತ ಶಿಕ್ಷಣ ಇಲಾಖೆಯ ಮಹನೀಯರೇ, ಖಾಲಿ ಹುದ್ದೆ ತುಂಬಿ, ಇವರಿಗೆ ತಿಂಗಳು ತಿಂಗಳು ಸಂಬಳ ಕೊಡಿ. ಲಿಂಕ್ ಆಮೇಲೆ ಕಳಿಸುವಿರಂತೆ.